ಗೆರಸೇನರ ಸೀಮೆಯ ಮನುಷ್ಯನನ್ನು ಮಕ್ಕಳಿಗೆ ಪರಿಚಯಿಸುವುದು ಹೇಗೆ?

ಸಂಡೇ ಸ್ಕೂಲಿನ ಪಾಠಪಟ್ಟಿಯಲ್ಲಿ ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯ ಬಂತೆಂದರೆ ಬಹಳಷ್ಟು ಟೀಚರುಗಳು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಅರ್ಧ ಅಧ್ಯಾಯವನ್ನೇ ಹಾರಿಸಿ ಯಾಯೀರನ ಮಗಳ ಕಥೆಗೆ ಹೋಗಿಬಿಡುತ್ತಾರೆ. ಇನ್ನು ಕೆಲವರು ದನಿ ತಗ್ಗಿಸಿ, ಕಣ್ಣು ದೊಡ್ಡದು ಮಾಡಿ, ಸಮಾಧಿಗಳ ನಡುವೆ ಕೂಗಾಡುವ ಮನುಷ್ಯನನ್ನು ಎಷ್ಟು ಸೊಗಸಾಗಿ ವರ್ಣಿಸುತ್ತಾರೆಂದರೆ, ಆ ರಾತ್ರಿ ಮಕ್ಕಳು ಬಚ್ಚಲಮನೆಗೆ ಒಬ್ಬರೇ ಹೋಗಲು ಒಪ್ಪುವುದಿಲ್ಲ. ಸಿ. ಎಸ್. ಲೂಯಿಸ್ 1942ರಲ್ಲಿ ಪ್ರಕಟಿಸಿದ ‘ದಿ ಸ್ಕ್ರೂಟೇಪ್ ಲೆಟರ್ಸ್’ ಪುಸ್ತಕದ ಮುನ್ನುಡಿಯಲ್ಲಿ ದೊಡ್ಡವರ ಬಗ್ಗೆ ಹೇಳಿದ್ದೂ ಇದನ್ನೇ: ದೆವ್ವಗಳು ಇಲ್ಲವೇ ಇಲ್ಲವೆಂದು ತಳ್ಳಿಹಾಕುವುದು ಒಂದು ತಪ್ಪು, ಅವುಗಳ ವಿಷಯದಲ್ಲಿ ಅತಿಯಾದ ಕುತೂಹಲ ಬೆಳೆಸಿಕೊಳ್ಳುವುದು ಇನ್ನೊಂದು.

ಹಾರಿಸುವುದು ಸುಲಭ, ಆದರೆ ಎಷ್ಟನ್ನು ಹಾರಿಸುವುದು? ಮಾರ್ಕನು ದಾಖಲಿಸಿರುವ ಮೊದಲ ಅದ್ಭುತವೇ ಕಪೆರ್ನೌಮಿನ ಸಭಾಮಂದಿರದಲ್ಲಿ ಅಶುದ್ಧಾತ್ಮ ಹಿಡಿದವನನ್ನು ಯೇಸು ಬಿಡಿಸಿದ್ದು. ಈಸ್ಟರ್ ಬೆಳಿಗ್ಗೆ ಸಮಾಧಿಯ ಬಳಿ ಕಾಣುವ ಮಗ್ದಲದ ಮರಿಯಳು ಏಳು ದೆವ್ವಗಳ ಕಾಟದಿಂದ ಬಿಡುಗಡೆಯಾದವಳೆಂದು ಲೂಕ ಬರೆಯುತ್ತಾನೆ. ಓದು ಬಾರದ ಮಗುವೂ ಬಾಯಿಪಾಠ ಹೇಳುವ ಕರ್ತನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಕೇಡಿನಿಂದ ಕಾಪಾಡೆಂಬ ಬೇಡಿಕೆ ಇದ್ದೇ ಇದೆ. ಯೋಹಾನನ ಸುವಾರ್ತೆಯೊಂದರಲ್ಲಿ ಮಾತ್ರ ದೆವ್ವ ಬಿಡಿಸಿದ ಕಥೆ ಒಂದೂ ಇಲ್ಲ. ಉಳಿದ ಮೂರರಲ್ಲಿ ಈ ವಿಷಯದಿಂದ ನುಣುಚಿಕೊಳ್ಳಲು ಸಾಧ್ಯವಿಲ್ಲ.

ಆದ್ದರಿಂದ ಕಲಿಸಲೇಬೇಕು. ಹೇಗೆ ಕಲಿಸಿದರೆ ಸರಿ ಎಂಬುದಕ್ಕೆ ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ. ಪಾಠಕ್ಕೆ ಬರುವಾಗ ಮಗುವಿನಲ್ಲಿ ಇದ್ದ ಭಯ ಪಾಠ ಮುಗಿಸಿ ಹೋಗುವಾಗ ಕಡಿಮೆಯಾಗಿರಬೇಕು. ಹೆಚ್ಚಾಗಿದ್ದರೆ ಟೀಚರು ಸುವಾರ್ತೆಯಲ್ಲಿ ಇಲ್ಲದ್ದನ್ನು ಕಲಿಸಿದ್ದಾರೆ ಎಂದೇ ಅರ್ಥ.

ಕಥೆಯ ಭಾರ ಎಲ್ಲಿದೆ

ಟೀಚರು ಮೊದಲು ಮಾರ್ಕ 5:1ರಿಂದ 20ರವರೆಗೆ ಒಬ್ಬರೇ ಕೂತು ಓದಬೇಕು, ಅದೂ ಹಿಂದಿನ ಅಧ್ಯಾಯದ ಕೊನೆಯಿಂದ. ಅಲ್ಲಿ ಸರೋವರದ ಮೇಲೆ ಬಿರುಗಾಳಿ ಎದ್ದಿದೆ, ಶಿಷ್ಯರು ನಡುಗುತ್ತಿದ್ದಾರೆ, ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದಾರೆ. ಎಬ್ಬಿಸಿದಾಗ ಒಂದೇ ಮಾತಿಗೆ ಗಾಳಿ ನಿಲ್ಲುತ್ತದೆ. ಆಚೆ ದಡದ ಗೆರಸೇನರ ಸೀಮೆಗೆ ಕಾಲಿಟ್ಟ ಕೂಡಲೇ ಇನ್ನೊಂದು ಬಿರುಗಾಳಿ ಎದುರಾಗುತ್ತದೆ, ಈ ಸಲ ಒಬ್ಬ ಮನುಷ್ಯನ ಒಳಗೆ. ಮಾರ್ಕನು ಇವೆರಡನ್ನೂ ಅಕ್ಕಪಕ್ಕ ಇಟ್ಟಿದ್ದಾನೆ. ಸಣ್ಣ ಮಕ್ಕಳಿಗೆ ಬಿರುಗಾಳಿಯ ಕಥೆಯನ್ನಷ್ಟೇ ಹೇಳಿ ನಿಲ್ಲಿಸಿದರೂ ಪಾಠದ ಸಾರ ಅರ್ಧಕ್ಕಿಂತ ಹೆಚ್ಚು ತಲುಪಿರುತ್ತದೆ.

ಆ ಮನುಷ್ಯನ ಸ್ಥಿತಿಗೆ ಮಾರ್ಕನು ಕೊಡುವ ವಿವರಗಳು ನಿಜಕ್ಕೂ ಕಠಿಣ. ಊರವರು ಸರಪಳಿ ಬಿಗಿದಿದ್ದರು, ಅವನು ಕಿತ್ತುಹಾಕಿದ್ದ. ಹಗಲುರಾತ್ರಿ ಸಮಾಧಿಗಳಲ್ಲೂ ಗುಡ್ಡಗಳಲ್ಲೂ ಕೂಗುತ್ತಾ ಕಲ್ಲಿನಿಂದ ಮೈ ಕೊಯ್ದುಕೊಳ್ಳುತ್ತಿದ್ದ. ಹೆಸರೇನೆಂದು ಕೇಳಿದರೆ ತನ್ನ ಹೆಸರನ್ನೂ ಹೇಳಲಾಗದೆ ‘ದಂಡು’ ಎನ್ನುತ್ತಾನೆ. ರೋಮಿನ ಒಂದು ಸೇನಾದಂಡಿನಲ್ಲಿ ಸುಮಾರು ಐದಾರು ಸಾವಿರ ಸೈನಿಕರಿರುತ್ತಿದ್ದ ಕಾಲ ಅದು. ಸೈನ್ಯವೊಂದು ತಮ್ಮ ನೆಲವನ್ನು ಆಕ್ರಮಿಸಿರುವುದನ್ನು ಕಂಡ ಜನರಿಗೆ ಆ ಹೆಸರು ಕೇಳಿದೊಡನೆ ಅವನ ಒಳಗಿನ ಅವಸ್ಥೆ ತಿಳಿದಿರಬೇಕು.

ಕಥೆಯ ಭಾರ ಇಲ್ಲಿಲ್ಲ. ಹದಿನೈದನೆಯ ವಚನದಲ್ಲಿದೆ. ಸುದ್ದಿ ಕೇಳಿ ಓಡಿಬಂದ ಊರವರು ಕಂಡದ್ದೇನು? ಅದೇ ಮನುಷ್ಯ ಬಟ್ಟೆ ಉಟ್ಟುಕೊಂಡು, ಬುದ್ಧಿ ನೆಟ್ಟಗಾಗಿ, ಸುಮ್ಮನೆ ಕೂತಿದ್ದಾನೆ. ಹದಿನೆಂಟರಲ್ಲಿ ಅವನು ಯೇಸುವಿನ ಜೊತೆಗೇ ಬರುತ್ತೇನೆಂದು ಬೇಡಿಕೊಳ್ಳುತ್ತಾನೆ. ಯೇಸು ಒಪ್ಪುವುದಿಲ್ಲ, ಮನೆಗೆ ಹೋಗಲು ಹೇಳುತ್ತಾರೆ. ಸಮಾಧಿಯಲ್ಲಿದ್ದವನು ಮನೆಗೆ ಹೋದ. ಹೆಸರಿಲ್ಲದವನು ದೆಕಪೊಲಿಯ ಊರೂರುಗಳಲ್ಲಿ ತನ್ನ ಕಥೆ ಹೇಳುವವನಾದ. ಪಾಠ ನಲವತ್ತು ನಿಮಿಷವಿದ್ದರೆ ಮೊದಲ ಹತ್ತು ಸಮಾಧಿಗೆ ಸಾಕು, ಉಳಿದ ಮೂವತ್ತು ಮನೆಗೆ ಸೇರಬೇಕು. ನಾನು ಕೇಳಿರುವ ಬಹುಪಾಲು ಪಾಠಗಳಲ್ಲಿ ಇದು ತಿರುವುಮುರುವಾಗಿರುತ್ತದೆ.

ಅಧಿಕಾರ ಎಂದರೆ ಅಬ್ಬರವಲ್ಲ

ದೇವರ ಶಕ್ತಿ ಎಂದಾಕ್ಷಣ ಮಕ್ಕಳ ಮನಸ್ಸಿಗೆ ಬರುವುದು ಟಿವಿಯ ಛೋಟಾ ಭೀಮ್ ಅಥವಾ ಸಿನಿಮಾದ ಹೀರೋ. ಗುದ್ದಾಟ, ಮಿಂಚು, ಸ್ಫೋಟ. ಸುವಾರ್ತೆಯ ಕಥೆಗಳಲ್ಲಿ ಇದಾವುದೂ ಇಲ್ಲ, ಇದನ್ನು ಎತ್ತಿ ತೋರಿಸಲೇಬೇಕು. ಹೋಲಿಕೆಗೆ ಅದೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿಟ್ಟ ಒಂದು ಪ್ರಸಂಗವಿದೆ. ಎಲಿಯಾಜರ್ ಎಂಬವನು ರೋಮಿನ ಸೇನಾನಾಯಕ ವೆಸ್ಪೇಸಿಯನ್ನನ ಎದುರಿಗೇ ದೆವ್ವ ಬಿಡಿಸಿದನಂತೆ. ಉಂಗುರದ ಮುದ್ರೆಯ ಕೆಳಗೆ ಒಂದು ಬೇರನ್ನಿಟ್ಟು ರೋಗಿಯ ಮೂಗಿಗೆ ಹಿಡಿದ, ಮೂಗಿನ ಹೊಳ್ಳೆಯಿಂದ ದೆವ್ವವನ್ನು ಎಳೆದ, ಸೊಲೊಮೋನನ ಹೆಸರೆತ್ತಿ ಮಂತ್ರ ಹೇಳಿದ, ದೆವ್ವ ಹೋಯಿತೆಂಬುದಕ್ಕೆ ಸಾಕ್ಷಿಯಾಗಿ ಹತ್ತಿರವಿಟ್ಟಿದ್ದ ನೀರಿನ ಪಾತ್ರೆಯನ್ನು ಅದರಿಂದಲೇ ಉರುಳಿಸಿದ. ಇದು ಆ ಕಾಲಕ್ಕೆ ಗೊತ್ತಿದ್ದ ವಿಧಾನ. ಯೇಸುವಿನ ಕೈಯಲ್ಲಿ ಉಂಗುರವಿಲ್ಲ, ಬೇರಿಲ್ಲ, ಹೊಗೆಯಿಲ್ಲ. ಮಾತಾಡುತ್ತಾರೆ, ಅಷ್ಟೆ. ಕಪೆರ್ನೌಮಿನಲ್ಲಿ ಬಾಯಿಮುಚ್ಚಿ ಹೊರಗೆ ಬಾ ಎಂಬರ್ಥದ ಎರಡೇ ಆಜ್ಞೆ. ಸುರೊಫೆನಿಕೆಯ ಹೆಂಗಸಿನ ಮಗಳ ವಿಷಯದಲ್ಲಂತೂ ಆ ಮಗುವನ್ನು ಕಣ್ಣಿನಿಂದಲೂ ನೋಡುವುದಿಲ್ಲ. ತಾಯಿಯೊಡನೆ ಮಾತು ಮುಗಿಯುವಷ್ಟರಲ್ಲಿ ಮನೆಯಲ್ಲಿ ಮಗು ಗುಣವಾಗಿದೆ.

ಹತ್ತು ದಾಟಿದ ಮಕ್ಕಳಿಗೆ ಈ ಹೋಲಿಕೆ ಬಹಳ ಹಿಡಿಸುತ್ತದೆ. ಅವರು ಕೂಡಲೇ ಕೇಳುತ್ತಾರೆ: ಹಾಗಾದರೆ ಯೇಸುವಿನ ಹೆಸರು ಹೇಳಿದರೆ ಸಾಕೇ? ಅದಕ್ಕೆ ಉತ್ತರ ಅಪೊಸ್ತಲರ ಕೃತ್ಯಗಳ ಹತ್ತೊಂಬತ್ತನೆಯ ಅಧ್ಯಾಯದಲ್ಲಿದೆ. ಸ್ಕೇವನೆಂಬವನ ಏಳು ಮಂದಿ ಗಂಡುಮಕ್ಕಳು ಯೇಸುವಿನ ಹೆಸರನ್ನು ಮಂತ್ರದಂತೆ ಬಳಸಲು ಹೋಗಿ, ಪೆಟ್ಟು ತಿಂದು, ಬಟ್ಟೆ ಕಳೆದುಕೊಂಡು ಓಡುತ್ತಾರೆ. ಮಕ್ಕಳು ನಕ್ಕೇ ನಗುತ್ತಾರೆ, ನಗಲಿ. ನಗು ನಿಂತ ಮೇಲೆ ಒಂದು ಮಾತು ಸಾಕು: ಆ ಹೆಸರು ಮಂತ್ರವಲ್ಲ, ಆ ಹೆಸರಿನವರನ್ನು ಬಲ್ಲವರು ಕರೆಯುವ ಕರೆ. ನಮ್ಮ ಕ್ರೈಸ್ತ ಮನೆಗಳಲ್ಲೂ ಪ್ರಾರ್ಥಿಸಿದ ಎಣ್ಣೆಯ ಬಾಟಲಿ, ಶಿಲುಬೆಯ ಲಾಕೆಟ್ಟು ತಾಯತದ ಕೆಲಸ ಮಾಡುತ್ತಿರುವುದುಂಟು. ಹಾಗಾಗಿ ಈ ಪಾಠವನ್ನು ಬೇರೆಯವರ ಕಡೆ ಬೆರಳು ತೋರಿಸಲು ಬಳಸುವಂತಿಲ್ಲ.

ಶಿಷ್ಯರಿಗೂ ಇದೇ ಎಚ್ಚರಿಕೆ ಸಿಕ್ಕಿತ್ತು. ಊರೂರಿಗೆ ಹೋಗಿ ಮರಳಿದವರು ದೆವ್ವಗಳೂ ನಮ್ಮ ಮಾತು ಕೇಳಿದವೆಂದು ಹಿಗ್ಗುತ್ತಾರೆ. ಅದಕ್ಕಾಗಿ ಹಿಗ್ಗಬೇಡಿ, ನಿಮ್ಮ ಹೆಸರುಗಳು ಪರಲೋಕದಲ್ಲಿ ಬರೆದಿವೆಯೆಂದು ಸಂತೋಷಪಡಿ ಎಂಬ ಅರ್ಥದ ಉತ್ತರ ಬರುತ್ತದೆ. ಇದು ಲೂಕನ ಹತ್ತನೆಯ ಅಧ್ಯಾಯ. ಏಳೆಂಟು ವರ್ಷದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಚಟುವಟಿಕೆ ಸಿಗಲಾರದು. ದೊಡ್ಡ ಚಾರ್ಟಿನ ಮೇಲೆ ಪ್ರತಿಯೊಬ್ಬರೂ ತಮ್ಮ ಹೆಸರು ಬರೆಯಲಿ, ಬಣ್ಣ ತುಂಬಲಿ, ಗೋಡೆಗೆ ಅಂಟಿಸಿ. ಹೆಸರು ಕಳೆದುಕೊಂಡ ಮನುಷ್ಯನ ಕಥೆ ಕೇಳಿದ ಮಗುವಿಗೆ ತನ್ನ ಹೆಸರು ದೇವರಿಗೆ ಗೊತ್ತಿದೆ ಎಂಬುದು ಒಂದು ದೊಡ್ಡ ಆಸರೆ.

ಯಾವ ವಯಸ್ಸಿಗೆ ಎಷ್ಟು

ಅಮೆರಿಕದ ಜೇಮ್ಸ್ ಫೌಲರ್ 1981ರಲ್ಲಿ ಬಂದ ‘ಸ್ಟೇಜಸ್ ಆಫ್ ಫೇತ್’ ಪುಸ್ತಕದಲ್ಲಿ ಮನುಷ್ಯರ ನಂಬಿಕೆ ಹಂತಹಂತವಾಗಿ ಬೆಳೆಯುವುದನ್ನು ವಿವರಿಸಿದ್ದಾರೆ. ಸುಮಾರು ಮೂರರಿಂದ ಏಳು ವರ್ಷದವರೆಗೆ ಮಗುವಿನ ಕಲ್ಪನೆಗೆ ತರ್ಕದ ಕಡಿವಾಣವಿರುವುದಿಲ್ಲ. ಈ ಹಂತದಲ್ಲಿ ಬಿದ್ದ ಚಿತ್ರಗಳು, ಹಿತವಾದವಾಗಲಿ ಭಯಂಕರವಾದವಾಗಲಿ, ಬಹುಕಾಲ ಉಳಿಯುತ್ತವೆ. ಹಿರಿಯರು ತಮ್ಮ ನಿಯಮಗಳನ್ನು ಪಾಲಿಸುವಂತೆ ಮಾಡಲು ಭಯದ ಚಿತ್ರಗಳನ್ನು ಬಳಸುವ ಅಪಾಯವನ್ನೂ ಫೌಲರ್ ಎತ್ತಿ ಹೇಳುತ್ತಾರೆ. ‘ಊಟ ಮಾಡದಿದ್ದರೆ ಸೈತಾನ ಬಂದು ಎತ್ತಿಕೊಂಡು ಹೋಗ್ತಾನೆ’ ಎನ್ನುವ ಅಜ್ಜಿಯರಿಗೆ ಈ ಪುಸ್ತಕ ಓದಿಸಲಾಗದು, ಅಮ್ಮಂದಿರ ಕಿವಿಗಾದರೂ ಹಾಕಬಹುದು.

ಆದ್ದರಿಂದ ಏಳರ ಒಳಗಿನವರಿಗೆ ದೆವ್ವ ಬಿಡಿಸುವ ಕಥೆಗಳು ಬೇಡ. ಕುರಿಗಳನ್ನು ಕಾಯುವ ಒಳ್ಳೆಯ ಕುರುಬ, ಬಿರುಗಾಳಿಯ ದೋಣಿ, ಕೆಂಪು ಸಮುದ್ರ ದಾಟಿದ ಇಸ್ರಾಯೇಲರು, ಇಷ್ಟು ಸಾಕು. ರೋಮಿನಲ್ಲಿ 1954ರಲ್ಲಿ ಸೋಫಿಯಾ ಕವಲೆಟ್ಟಿ ಮಾಂಟೆಸರಿ ವಿಧಾನದಲ್ಲಿ ಮಕ್ಕಳ ಧರ್ಮಬೋಧನೆ ಆರಂಭಿಸಿದಾಗ ಅದಕ್ಕೆ ಕೊನೆಗೆ ಹೆಸರು ಬಂದದ್ದೂ ಆ ಒಳ್ಳೆಯ ಕುರುಬನದ್ದೇ. ಪುಟ್ಟ ಮಕ್ಕಳಿಗೆ ಬೇಕಾದದ್ದು ಕಾಪಾಡುವವರ ಪರಿಚಯ. ಕಾಡುವವರ ಪರಿಚಯ ಆಮೇಲೆ ಆದರೂ ನಷ್ಟವಿಲ್ಲ.

ಏಳರಿಂದ ಹತ್ತರವರಿಗೆ ಗೆರಸೇನರ ಸೀಮೆಯ ಕಥೆಯನ್ನು ಹೇಳಬಹುದು. ಮೈ ಕೊಯ್ದುಕೊಳ್ಳುವ ವಿವರ ಬಿಟ್ಟು, ಒಂಟಿತನವನ್ನು ಮುಂದಿಟ್ಟು ಹೇಳಿ. ‘ಅವನನ್ನು ಊಟಕ್ಕೆ ಕರೆಯುವವರು ಯಾರೂ ಇರಲಿಲ್ಲ. ಎಲ್ಲರೂ ಅವನನ್ನು ಕಂಡರೆ ಓಡುತ್ತಿದ್ದರು. ಒಬ್ಬರು ಮಾತ್ರ ಓಡಲಿಲ್ಲ.’ ದೆವ್ವದ ದನಿಯನ್ನು ಅನುಕರಿಸಬೇಡಿ. ನಾಟಕ ಮಾಡಿಸುವುದಿದ್ದರೆ ಯಾವ ಮಗುವಿಗೂ ದೆವ್ವದ ಪಾತ್ರ ಕೊಡಬೇಡಿ, ಯಾರನ್ನೂ ಹಗ್ಗದಿಂದ ಕಟ್ಟಿ ತೋರಿಸಬೇಡಿ. ಪಾಠ ಮುಗಿದ ಮೇಲೆ ಅಂಗಳದಲ್ಲಿ ಅದೇ ಆಟ ಮುಂದುವರಿಯುತ್ತದೆ. ಆಗ ಕಟ್ಟಿಸಿಕೊಳ್ಳುವುದು ತೊದಲು ಮಾತಿನ ಹುಡುಗನೋ, ತರಗತಿಗೆ ಹೊಸದಾಗಿ ಸೇರಿದ ಹುಡುಗಿಯೋ ಆಗಿರುತ್ತಾರೆ. ನಾಟಕ ಬೇಕೇಬೇಕೆಂದರೆ ಹತ್ತೊಂಬತ್ತನೆಯ ವಚನದಿಂದ ಶುರುಮಾಡಿ: ಅವನು ಮನೆಯ ಬಾಗಿಲು ತಟ್ಟುತ್ತಾನೆ, ಒಳಗಿನವರು ಏನನ್ನುತ್ತಾರೆ? ಮಾರ್ಕನು ಇದನ್ನು ಬರೆದಿಲ್ಲ, ಮಕ್ಕಳೇ ಬರೆಯಲಿ. ಅಮೆರಿಕದ ಜೆರೋಮ್ ಬೆರಿಮನ್ ರೂಪಿಸಿದ ‘ಗಾಡ್ಲಿ ಪ್ಲೇ’ ವಿಧಾನದಲ್ಲಿ ಕಥೆ ಹೇಳಿದವರು ನೀತಿ ಹೇಳುವುದಿಲ್ಲ, ಇಂಥ ಪ್ರಶ್ನೆಗಳನ್ನು ಕೇಳಿ ಸುಮ್ಮನಾಗುತ್ತಾರೆ. ಟೀಚರಿಗೆ ಅತಿ ಕಷ್ಟವಾದದ್ದು ಆ ಸುಮ್ಮನಾಗುವ ಭಾಗವೇ.

ಹತ್ತು ದಾಟಿದವರು ಇಡೀ ಕಥೆ ಓದಲಿ, ಹಂದಿಗಳನ್ನೂ ಸೇರಿಸಿ. ಎರಡು ಸಾವಿರ ಹಂದಿಗಳು ದಿಣ್ಣೆಯಿಂದ ಧುಮುಕಿ ಸರೋವರದಲ್ಲಿ ಮುಳುಗಿ ಸತ್ತ ವಿಷಯ ಬಂದಾಗ ಪ್ರಾಣಿಪ್ರೀತಿಯ ಮಗು ಒಂದಾದರೂ ಎದ್ದು ನಿಲ್ಲುತ್ತದೆ: ‘ಹಂದಿಗಳು ಏನ್ ತಪ್ಪು ಮಾಡಿದ್ವು ಮಿಸ್?’ ಇದು ತುಂಟ ಪ್ರಶ್ನೆಯಲ್ಲ. ದೊಡ್ಡ ವಿದ್ವಾಂಸರೂ ಕೇಳಿದ ಪ್ರಶ್ನೆ. ಯೆಹೂದ್ಯರು ಹಂದಿ ಸಾಕುತ್ತಿರಲಿಲ್ಲ, ಹಾಗಾಗಿ ಕಥೆ ನಡೆದದ್ದು ಪರರ ನಾಡಿನಲ್ಲಿ ಎಂಬುದು ಅದರಿಂದ ತಿಳಿಯುತ್ತದೆ. ರೋಮಿನ ಹತ್ತನೆಯ ದಂಡಿನ ಲಾಂಛನಗಳಲ್ಲಿ ಕಾಡುಹಂದಿಯೂ ಇತ್ತು, ಮಾರ್ಕನು ಅದನ್ನು ನೆನೆದು ಬರೆದಿರಬಹುದು ಎನ್ನುವವರೂ ಇದ್ದಾರೆ. ಇಷ್ಟು ಹೇಳಿ, ‘ಹಂದಿಗಳ ಪಾಲಿಗೆ ಇದು ಅನ್ಯಾಯವೆಂದು ನನಗೂ ಅನ್ನಿಸುತ್ತೆ’ ಎಂದು ಟೀಚರು ಒಪ್ಪಿಕೊಂಡರೆ ಆಕಾಶ ಬೀಳುವುದಿಲ್ಲ. ಊರವರಿಗೆ ಹಂದಿಗಳ ನಷ್ಟ ಕಂಡಿತು, ಗುಣವಾದ ಮನುಷ್ಯ ಕಾಣಲಿಲ್ಲ. ಯೇಸುವನ್ನೇ ಊರು ಬಿಟ್ಟು ಹೋಗಲು ಕೇಳಿಕೊಂಡರು. ಚರ್ಚೆ ಅಲ್ಲಿಗೆ ತಿರುಗಿದರೆ ಹದಿಹರೆಯದವರು ಬಿಡದೆ ಮಾತಾಡುತ್ತಾರೆ.

ಹೈಸ್ಕೂಲಿನವರಿಗೆ ಇದರ ಜೊತೆಗೆ ಫಿಲಿಪ್ಪಿ ಪಟ್ಟಣದ ದಾಸಿ ಹುಡುಗಿಯ ಕಥೆಯನ್ನು ಕೊಡಬೇಕು. ಅವಳ ಕಣಿ ಹೇಳುವ ಆತ್ಮದಿಂದ ಯಜಮಾನರು ಹಣ ಗಳಿಸುತ್ತಿದ್ದರು. ಪೌಲನು ಅವಳನ್ನು ಬಿಡಿಸಿದಾಗ ಅವರಿಗೆ ಸಿಟ್ಟು ಬಂದದ್ದು ಆದಾಯ ನಿಂತುಹೋಯಿತೆಂದು, ಪೌಲನೂ ಸೀಲನೂ ಜೈಲು ಸೇರಿದರು. ಕೇಡು ಅನ್ನುವುದು ಒಬ್ಬರ ಒಳಗೆ ಮಾತ್ರ ಇರುವುದಿಲ್ಲ, ಅದರಿಂದ ಲಾಭ ಮಾಡಿಕೊಳ್ಳುವವರೂ ಇರುತ್ತಾರೆ ಎಂಬುದು ಅಪೊಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯದಲ್ಲಿ ಕಣ್ಣಿಗೆ ಕಟ್ಟುವಂತಿದೆ. ಜೀತ, ಬಾಲಕಾರ್ಮಿಕತನ, ಆನ್‌ಲೈನ್ ಜೂಜು, ಹೆಂಡದ ವ್ಯಾಪಾರ, ಯಾವುದನ್ನು ಹೆಸರಿಸಬೇಕೆಂದು ಮಕ್ಕಳೇ ಹೇಳುತ್ತಾರೆ. ಭಾನುವಾರದ ಶಾಲೆ ಹುಟ್ಟಿದ್ದೇ ಇಂಥ ಒಂದು ಕೇಡನ್ನು ಕಂಡು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ಪತ್ರಿಕಾ ಸಂಪಾದಕ ರಾಬರ್ಟ್ ರೈಕ್ಸ್ ಇದನ್ನು ಶುರುಮಾಡಿದ್ದು, ವಾರವೆಲ್ಲ ದುಡಿದು ಭಾನುವಾರ ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳಿಗೆ ಓದು ಕಲಿಸಲು.

ಕಾಯಿಲೆಯನ್ನು ದೆವ್ವ ಎನ್ನಬೇಡಿ

ಮಾರ್ಕನ ಒಂಬತ್ತನೆಯ ಅಧ್ಯಾಯದಲ್ಲಿ ಒಬ್ಬ ಹುಡುಗ ಬರುತ್ತಾನೆ. ಬಾಯಲ್ಲಿ ನೊರೆ, ಹಲ್ಲು ಕಡಿತ, ನೆಲಕ್ಕೆ ಬೀಳುವುದು, ಮೈ ಸೆಟೆದುಕೊಳ್ಳುವುದು. ಇಂದು ಓದಿದ ಯಾರಿಗಾದರೂ ಮೂರ್ಛೆರೋಗ ನೆನಪಾಗುತ್ತದೆ. ತರಗತಿಯಲ್ಲಿ ಫಿಟ್ಸ್ ಬರುವ ಮಗುವೊಂದು ಇದ್ದರೆ, ಅಥವಾ ಯಾರದಾದರೂ ಮನೆಯಲ್ಲಿ ಮನೋರೋಗಕ್ಕೆ ಮಾತ್ರೆ ತೆಗೆದುಕೊಳ್ಳುವ ಚಿಕ್ಕಮ್ಮ ಇದ್ದರೆ, ಈ ಪಾಠ ಅವರ ಮೇಲೆ ಬೀಳುವ ಕಲ್ಲಾಗಬಹುದು. ಆದ್ದರಿಂದ ಟೀಚರು ಯಾರೂ ಕೇಳುವ ಮೊದಲೇ ಸ್ಪಷ್ಟವಾಗಿ ಹೇಳಬೇಕು: ಫಿಟ್ಸ್ ಮಿದುಳಿಗೆ ಸಂಬಂಧಿಸಿದ ಕಾಯಿಲೆ, ಅದಕ್ಕೆ ಔಷಧವಿದೆ, ಅದು ಬಂದವರಿಗೆ ದೆವ್ವ ಹಿಡಿದಿಲ್ಲ. ಆ ಕಾಲದವರು ತಮಗೆ ಗೊತ್ತಿದ್ದ ಭಾಷೆಯಲ್ಲಿ ಹೇಳಿದರು. ಕಥೆಯಲ್ಲಿ ಮಕ್ಕಳು ಗಮನಿಸಬೇಕಾದವನು ಆ ತಂದೆ. ನಂಬುತ್ತೇನೆ, ನನ್ನ ಅಪನಂಬಿಕೆಗೂ ಸಹಾಯಮಾಡಿ ಎಂಬಂಥ ಮಾತು ಅವನಿಂದ ಬರುತ್ತದೆ. ಅರ್ಧ ನಂಬಿಕೆಯ ಅಪ್ಪನ ಮಗನೂ ಗುಣವಾದ ಎಂಬುದರಲ್ಲಿ ಎಷ್ಟೋ ಸಮಾಧಾನವಿದೆ.

ಸಭೆಗಳೂ ಈ ವಿಷಯದಲ್ಲಿ ಒಂದೇ ರೀತಿಯಿಲ್ಲ. ಕಥೋಲಿಕ ಸಭೆಯಲ್ಲಿ ವಿಧಿವತ್ತಾದ ಭೂತೋಚ್ಚಾಟನೆ ಮಾಡಬೇಕಾದರೆ ಬಿಷಪ್ಪರು ಸ್ಪಷ್ಟ ಅನುಮತಿ ಕೊಟ್ಟ ಗುರುಗಳೇ ಮಾಡಬೇಕು. 1992ರ ಧರ್ಮೋಪದೇಶ ಗ್ರಂಥವು ಕಾಯಿಲೆ ವೈದ್ಯರ ಕ್ಷೇತ್ರವೆಂದೂ ಮೊದಲು ಅದನ್ನು ಬೇರ್ಪಡಿಸಿ ತಿಳಿಯಬೇಕೆಂದೂ ಹೇಳುತ್ತದೆ. ಸಿ.ಎಸ್.ಐ.ಯಂಥ ಸಭೆಗಳಲ್ಲಿ ಇದು ಅಪರೂಪ. ಪೆಂಟೆಕೊಸ್ತಲ್ ಸಭೆಗಳಲ್ಲಿ ಬಿಡುಗಡೆಯ ಪ್ರಾರ್ಥನೆ ಸಾಮಾನ್ಯ, ಜನ ಕೂಗಿಕೊಂಡು ಬೀಳುವುದನ್ನು ಮಕ್ಕಳು ಹತ್ತಿರದಿಂದ ಕಂಡಿರುತ್ತಾರೆ. ಅಂಥ ಪ್ರಾರ್ಥನೆ ನಡೆಯುವಾಗ ಪುಟ್ಟ ಮಕ್ಕಳನ್ನು ಬೇರೆ ಕೋಣೆಗೆ ಕರೆದೊಯ್ಯುವುದು ಯಾವ ಸಿದ್ಧಾಂತಕ್ಕೂ ವಿರೋಧವಲ್ಲ. ಮತ್ತೆ, ಯಾವ ಧರ್ಮದವರೇ ಆಗಲಿ ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು 2017ರ ಕರ್ನಾಟಕದ ವಾಮಾಚಾರ ತಡೆ ಕಾಯ್ದೆಯಡಿ ಅಪರಾಧ. ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಯೇಸು ಯಾರಿಗೂ ಹೊಡೆದು ಬಿಡಿಸಲಿಲ್ಲ ಎಂಬುದನ್ನು ಇದರ ಜೊತೆಗೇ ಹೇಳಿದರೆ ಮಕ್ಕಳಿಗೆ ಕಾನೂನೂ ಸುವಾರ್ತೆಯೂ ಒಟ್ಟಿಗೆ ಮನಸ್ಸಿಗೆ ಇಳಿಯುತ್ತವೆ.

ಕರಾವಳಿಯ ಟೀಚರುಗಳಿಗೆ ಇನ್ನೊಂದು ಜವಾಬ್ದಾರಿ ಇದೆ. ಅಲ್ಲಿ ಪಕ್ಕದ ಮನೆಯಲ್ಲೇ ಭೂತದ ಕೋಲ ನಡೆಯುತ್ತದೆ. ಹಿಂದಿನ ಕಾಲದ ಯುರೋಪಿಯನ್ನರು ಅದನ್ನು ಪಿಶಾಚಾರಾಧನೆ ಎಂದೇ ಕರೆದರು. 1890ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬಂದ ಎ. ಸಿ. ಬರ್ನೆಲ್ ಸಂಗ್ರಹದ ಶೀರ್ಷಿಕೆಯಲ್ಲೇ ಆ ಪದವಿದೆ. ತುಳುನಾಡಿನ ದೈವಗಳು ನ್ಯಾಯ ಕೇಳುವ, ಮನೆತನ ಕಾಯುವ ಶಕ್ತಿಗಳೆಂದು ಅಲ್ಲಿಯ ಜನ ನಂಬುತ್ತಾರೆ. ಸುವಾರ್ತೆಯ ಅಶುದ್ಧಾತ್ಮಗಳಿಗೂ ಅವಕ್ಕೂ ಗಂಟುಹಾಕಿ ಹೇಳಿದರೆ, ಮರುದಿನ ಶಾಲೆಯಲ್ಲಿ ನಮ್ಮ ಮಗು ಗೆಳೆಯನಿಗೆ ‘ನೀವು ದೆವ್ವ ಪೂಜೆ ಮಾಡೋರು’ ಎನ್ನುತ್ತದೆ. ಅಂಥ ಮಾತು ಹುಟ್ಟಿಸುವ ಪಾಠ ಯಾರನ್ನೂ ಯಾವುದರಿಂದಲೂ ಬಿಡಿಸುವುದಿಲ್ಲ.

ಕಣ್ಣಿಗೆ ತೋರಿಸುವುದು

ಮಕ್ಕಳ ಬೈಬಲುಗಳಲ್ಲಿ ದೆವ್ವಕ್ಕೆ ಕೊಂಬು, ಕೆಂಪು ಮೈ, ಬಾಲ ಬರೆದಿರುತ್ತಾರೆ. ಅದನ್ನು ಬಿಟ್ಟು ಪೂರ್ವದ ಸಭೆಗಳ ಪುನರುತ್ಥಾನದ ಚಿತ್ರವನ್ನು ಪ್ರಿಂಟ್ ಹಾಕಿಸಿ. ಇಸ್ತಾಂಬುಲಿನಲ್ಲಿ ಹಿಂದೆ ಕೋರಾ ದೇವಾಲಯವಾಗಿದ್ದ ಕಟ್ಟಡದಲ್ಲಿ ಹದಿನಾಲ್ಕನೆಯ ಶತಮಾನದ ಆರಂಭದ ಭಿತ್ತಿಚಿತ್ರವೊಂದಿದೆ. ಬಿಳಿ ಉಡುಪಿನ ಕ್ರಿಸ್ತ ದಾಪುಗಾಲಿಟ್ಟು ನಿಂತು ಒಂದು ಕೈಯಿಂದ ಆದಾಮನನ್ನೂ ಇನ್ನೊಂದರಿಂದ ಹವ್ವಳನ್ನೂ ಸಮಾಧಿಯಿಂದ ಎಳೆದೆಬ್ಬಿಸುತ್ತಿದ್ದಾರೆ. ಹಿಡಿದಿರುವುದು ಅಂಗೈಯನ್ನಲ್ಲ, ಮಣಿಕಟ್ಟನ್ನು. ಎಳೆಯುವವರ ಬಲದಿಂದಲೇ ಇವರು ಏಳುತ್ತಿದ್ದಾರೆಂದು ಅದರಿಂದ ಗೊತ್ತಾಗುತ್ತದೆ. ಕಾಲ ಕೆಳಗೆ ಮುರಿದ ಬಾಗಿಲುಗಳು, ಚೆಲ್ಲಾಪಿಲ್ಲಿಯಾದ ಬೀಗಗಳು, ಕೀಲಿಗಳು. ಅವುಗಳ ನಡುವೆ ಕೈಕಾಲು ಕಟ್ಟಿಸಿಕೊಂಡು ಬಿದ್ದಿರುವ ಒಂದು ಕಪ್ಪು ಆಕೃತಿ. ಮಕ್ಕಳನ್ನು ಬೀಗ, ಕೀಲಿ ಎಣಿಸಲು ಬಿಟ್ಟರೆ ಹತ್ತು ನಿಮಿಷ ಯಾರೂ ಅಲುಗಾಡುವುದಿಲ್ಲ. ಕೇಡು ಚಿತ್ರದಲ್ಲಿದೆ, ಆದರೆ ಕೆಳಗಿದೆ, ಕಟ್ಟಲ್ಪಟ್ಟಿದೆ. ಕ್ರೈಸ್ತರು ಬಿಡುಗಡೆ ಎಂದು ಮುಖ್ಯವಾಗಿ ಹೇಳುವುದು ಶಿಲುಬೆ ಮತ್ತು ಪುನರುತ್ಥಾನದ ಈ ಗೆಲುವನ್ನೇ; ಗೆರಸೇನರ ಸೀಮೆಯಲ್ಲಿ ಆದದ್ದು ಅದರ ಮುನ್ಸೂಚನೆ.

ಬೇಸಿಗೆಯ ವಿ.ಬಿ.ಎಸ್. ಶಿಬಿರಗಳಲ್ಲಿ ಬಣ್ಣದ ಮಣಿಗಳ ಕೈಬಳೆ ಮಾಡಿಸುತ್ತಾರಲ್ಲ, ಅದರ ಮೂಲ ‘ವರ್ಡ್‌ಲೆಸ್ ಬುಕ್’. 1866ರಲ್ಲಿ ಲಂಡನ್ನಿನ ಬೋಧಕ ಸ್ಪರ್ಜನ್ ಕಪ್ಪು, ಕೆಂಪು, ಬಿಳಿ ಪುಟಗಳ ಬಗ್ಗೆ ಪ್ರಸಂಗ ಮಾಡಿದ; ಚಿನ್ನದ ಬಣ್ಣ, ಹಸಿರು ಆಮೇಲೆ ಸೇರಿದವು. ಅಕ್ಷರವಿಲ್ಲದೆ ಕಲಿಸುವ ಸಾಧನವಾಗಿ ಅದು ಜಾಣತನದ್ದೇ. ಆದರೆ ಕಪ್ಪೆಂದರೆ ಪಾಪ, ಬಿಳಿಯೆಂದರೆ ಶುದ್ಧ ಎಂದು ಕಲಬುರಗಿಯ ಬಿಸಿಲಲ್ಲಿ ಆಡಿ ಬೆಳೆದ ಕಪ್ಪು ಮೈಬಣ್ಣದ ಮಕ್ಕಳಿಗೆ ಹೇಳುವುದು ನನಗಂತೂ ಒಪ್ಪಿಗೆಯಿಲ್ಲ. ಕಪ್ಪು ಮಣಿಯ ಬದಲು ಗಂಟು ಬಿದ್ದ ದಾರ ಕೊಟ್ಟು ಬಿಡಿಸಲು ಹೇಳಿ. ಕೆಲವು ಗಂಟು ತಾವೇ ಬಿಡಿಸುತ್ತಾರೆ, ಕೆಲವಕ್ಕೆ ಪಕ್ಕದವರ ಬೆರಳು ಬೇಕಾಗುತ್ತದೆ.

ದೀಕ್ಷಾಸ್ನಾನದಲ್ಲೂ ಒಂದು ಒಳ್ಳೆಯ ಪಾಠ ಅಡಗಿದೆ. ಹೆತ್ತವರೂ ಜ್ಞಾನತಂದೆತಾಯಿಯರೂ ಮಗುವಿನ ಪರವಾಗಿ ಸೈತಾನನನ್ನೂ ಅವನ ಕೃತ್ಯಗಳನ್ನೂ ತ್ಯಜಿಸುವುದಾಗಿ ಹೇಳುತ್ತಾರೆ. ಎಷ್ಟೋ ಮಕ್ಕಳಿಗೆ ತಮ್ಮ ಪರವಾಗಿ ಹೀಗೊಂದು ಮಾತು ಆಗಿದೆ ಎಂಬುದೇ ಗೊತ್ತಿಲ್ಲ. ನಾಲ್ಕನೆಯ ಶತಮಾನದ ಯೆರೂಸಲೇಮಿನಲ್ಲಿ ದೀಕ್ಷೆ ಪಡೆಯುವವರು ಸೂರ್ಯ ಮುಳುಗುವ ಪಶ್ಚಿಮಕ್ಕೆ ಮುಖಮಾಡಿ ಕೈಚಾಚಿ ಸೈತಾನನನ್ನು ನಿರಾಕರಿಸಿ, ನಂತರ ಪೂರ್ವಕ್ಕೆ ತಿರುಗಿ ವಿಶ್ವಾಸ ಪ್ರಕಟಿಸುತ್ತಿದ್ದರೆಂದು ಬಿಷಪ್ ಸಿರಿಲ್ಲರ ಹೆಸರಿನ ಉಪದೇಶಗಳಲ್ಲಿದೆ. ಆರ್ಥೊಡಾಕ್ಸ್ ಸಭೆಗಳಲ್ಲಿ ಇದು ಇಂದೂ ಉಳಿದಿದೆ. ತರಗತಿಯಲ್ಲಿ ಮಕ್ಕಳನ್ನು ನಿಲ್ಲಿಸಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗಿಸಿ. ಪಶ್ಚಿಮಕ್ಕೆ ನಿಂತಾಗ ತಾವು ಬಿಡಬೇಕೆಂದಿರುವ ಒಂದನ್ನು ಮನಸ್ಸಿನಲ್ಲೇ ಹೇಳಿಕೊಳ್ಳಲಿ. ಗಟ್ಟಿಯಾಗಿ ಹೇಳಿಸಬೇಡಿ, ತಪ್ಪೊಪ್ಪಿಗೆಯ ಪ್ರದರ್ಶನ ಮಕ್ಕಳಿಗೆ ಬೇಡ.

ಕಷ್ಟದ ಪ್ರಶ್ನೆ, ಅದಕ್ಕಿಂತ ಕಷ್ಟದ ಗುಟ್ಟು

‘ದೇವರಿಗೆ ಅಷ್ಟು ಶಕ್ತಿ ಇದ್ರೆ ನಮ್ಮಪ್ಪ ಕುಡಿಯೋದು ಯಾಕೆ ಬಿಟ್ಟಿಲ್ಲ?’ ಈ ಪ್ರಶ್ನೆ ಬಂದೇ ಬರುತ್ತದೆ. ನೀನು ಸರಿಯಾಗಿ ಪ್ರಾರ್ಥಿಸಿಲ್ಲ ಎಂದು ಯಾವ ಕಾರಣಕ್ಕೂ ಹೇಳಬೇಡಿ. ಪೌಲನು ತನ್ನನ್ನು ಕಾಡುತ್ತಿದ್ದುದನ್ನು ಸೈತಾನನ ದೂತನೆಂದೇ ಕರೆದು ಅದು ತೊಲಗಲೆಂದು ಮೂರು ಸಲ ಬೇಡಿಕೊಂಡ, ತೊಲಗಲಿಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಇದನ್ನು ಮುಚ್ಚಿಡದೆ ಬರೆದಿದ್ದಾನೆ. ಬಿಡುಗಡೆ ಕೆಲವೊಮ್ಮೆ ಒಂದೇ ಮಾತಿಗೆ ಆಗುತ್ತದೆ, ಕೆಲವೊಮ್ಮೆ ವ್ಯಸನಮುಕ್ತಿ ಕೇಂದ್ರದ ಬಾಗಿಲಿಗೆ ಹತ್ತಾರು ಸಲ ಎಡತಾಕಬೇಕಾಗುತ್ತದೆ ಎಂದು ಹೇಳುವುದು ಪ್ರಾಮಾಣಿಕ ಉತ್ತರ.

ಇನ್ನೊಂದು ಸಾಧ್ಯತೆಗೆ ಟೀಚರು ಸಿದ್ಧರಾಗಿಯೇ ಇರಬೇಕು. ಕೇಡಿನಿಂದ ಬಿಡುಗಡೆ ಎಂಬ ಪಾಠ ಕೇಳಿದ ಮಗು, ಎಲ್ಲರೂ ಹೋದ ಮೇಲೆ ಹಿಂದೆ ಉಳಿದು, ಮನೆಯಲ್ಲೋ ಟ್ಯೂಷನ್ನಿನಲ್ಲೋ ಚರ್ಚಿನಲ್ಲೋ ಯಾರೋ ತನಗೆ ಮಾಡುತ್ತಿರುವುದನ್ನು ಹೇಳಬಹುದು. ಆಗ ಕೂತು ಕೇಳಿ, ನಂಬಿ, ಗುಟ್ಟಾಗಿಡುತ್ತೇನೆಂದು ಮಾತು ಕೊಡಬೇಡಿ. ಪ್ರಾರ್ಥನೆ ಮಾಡಿ ಮನೆಗೆ ಕಳಿಸಿ ಸುಮ್ಮನಾಗುವಂತಿಲ್ಲ. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಶಿಕ್ಷಾರ್ಹ. ಆರೋಪ ಸಭೆಯವರ ಮೇಲೇ ಇದ್ದರೂ ಕಾನೂನು ಬದಲಾಗುವುದಿಲ್ಲ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ ಟೆಲಿ ಮಾನಸ್, 14416. ಈ ಎರಡು ಸಂಖ್ಯೆಗಳನ್ನು ತರಗತಿಯ ಗೋಡೆಯ ಮೇಲೆ, ಆ ವಾರದ ಕಂಠಪಾಠ ವಾಕ್ಯದ ಪಕ್ಕದಲ್ಲೇ, ಮಕ್ಕಳ ಕಣ್ಣಿಗೆ ಎಟಕುವ ಎತ್ತರದಲ್ಲಿ ಬರೆದು ಹಾಕಿ.